ಜಡ್ಜಣ್ಣನ ಮೊಣಕಾಲು

ನಮ್ಮ ನಲ್ಲಿ ಕಾರ್ಖಾನೆಯ ಗಂಡಸರ ಗೇಟಿನಲ್ಲಿ ಅದೃಷ್ಟವೆಂಬುದು ಏಳು ತಿಂಗಳ ಕಾಲ ಖಾಕಿ ಪ್ಯಾಂಟು ತೊಟ್ಟು ಕುರ್ಚಿಯ ಮೇಲೆ ಕೂತಿತ್ತು. ಅದರ ಮುಂದೆ ದಿನಾ ಸಂಜೆ ಐದಕ್ಕೆ ಸಾಲಾಗಿ ನಿಲ್ಲುತ್ತಿದ್ದ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಆ ಕುರ್ಚಿಯ ಮೇಲಿದ್ದವರು ಗೇಟಿನ ಕಾವಲುಗಾರರು. ಅವರಿಗೆ ಜಡ್ಜಣ್ಣ ಎಂಬ ಹೆಸರು ಬಂದದ್ದು ನೀರಿನ ಜಗಳದಿಂದ. ತಿಂಗಳಿಗೆ ಸಾವಿರಗಟ್ಟಲೆ ನಲ್ಲಿ ತಯಾರಿಸುವ ನಮ್ಮಲ್ಲಿ, ಕುಡಿಯುವ ನೀರು ಬರುವ ನಲ್ಲಿ ಮಾತ್ರ ಒಂದೇ. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಬಾಟಲಿ ಹಿಡಿದು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುತ್ತಿತ್ತು. ಒಂದು ದಿನ ಇವರು ಗೇಟಿನಿಂದ ನಡೆದು ಬಂದು, ಸೋಮವಾರ ಲೇತಿನವರು ಮೊದಲು, ಮಂಗಳವಾರ ಪಾಲಿಶಿನವರು ಮೊದಲು ಎಂದು ಸರದಿ ಹಾಕಿಕೊಟ್ಟರು. ಜಗಳ ನಿಂತಿತು. ಅಲ್ಲಿಂದ ಮುಂದೆ ಬಸ್ಸಿನ ಕಿಟಕಿ ಸೀಟು, ಫ್ಯಾನಿನ ದಿಕ್ಕು, ಎಲ್ಲ ವ್ಯಾಜ್ಯವೂ ಅವರ ಬಳಿಗೇ ಹೋಗತೊಡಗಿತು. ತೀರ್ಪು ಕೊಡುವ ಮುಂಚೆ ಅವರು ಕಣ್ಣು ಮುಚ್ಚಿ ಎರಡು ಸಲ ಕೆಮ್ಮುತ್ತಿದ್ದರು. ಅಷ್ಟೆಲ್ಲ ಆದ ಮೇಲೆ ಬರುವ ತೀರ್ಪು ಪ್ರತಿ ಸಲವೂ ಒಂದೇ: ಸಮವಾಗಿ ಹಂಚಿಕೊಳ್ಳಿ. ಹೆಸರನ್ನು ನಾವು ತಮಾಷೆಗೆ ಇಟ್ಟದ್ದು. ಅವರು ಅದನ್ನು ಬಡ್ತಿ ಎಂದು ತಿಳಿದುಕೊಂಡರು.

ಇನ್ನು ಪೆಟ್ಟಿಗೆಯ ವಿಷಯ. ಕೆಲಸ ಮುಗಿಸಿ ಹೊರಡುವ ಪ್ರತಿಯೊಬ್ಬನೂ ಗೇಟಿನ ಮೇಜಿನ ಮೇಲಿದ್ದ ಪೆಟ್ಟಿಗೆಯ ಗುಂಡಿ ಒತ್ತಬೇಕು. ಹಸಿರು ದೀಪ ಬಂದರೆ ಮನೆಗೆ. ಕೆಂಪು ಬಂದರೆ ಹಿಂದಿನ ಕೋಣೆಗೆ. ಅಲ್ಲಿ ಕಾವಲುಗಾರರು ಜೇಬು, ಚೀಲ, ಊಟದ ಡಬ್ಬಿ ತಡಕಿ ನೋಡುತ್ತಾರೆ. ಹಿತ್ತಾಳೆಯ ಸಣ್ಣ ಸಾಮಾನುಗಳಿಗೆ ಜೇಬಿನಲ್ಲಿ ಕೂತು ಹೊರಗೆ ಹೋಗುವ ಚಟವಿರುವುದರಿಂದ ಈ ಏರ್ಪಾಡು. ಸುಮಾರು ಹನ್ನೆರಡು ಜನಕ್ಕೆ ಒಬ್ಬನಿಗೆ ಕೆಂಪು. ಯಾರಿಗೆ ಎಂದು ಪೆಟ್ಟಿಗೆಗೂ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಯಾರೂ ಯಾರ ಮೇಲೂ ಮುನಿಸಿಕೊಳ್ಳುವ ಹಾಗಿಲ್ಲ ಎಂದು ಅದನ್ನು ತಂದ ಮ್ಯಾನೇಜರು ಭಾಷಣ ಮಾಡಿದ್ದರು.

ನಾವು ಪೆಟ್ಟಿಗೆಯ ಮೇಲೆಯೇ ಮುನಿಸಿಕೊಂಡೆವು. ಉಗ್ರಾಣದ ಗುಮಾಸ್ತನಿಗೆ ಮೂರು ದಿನ ಸಾಲಾಗಿ ಕೆಂಪು ಬಂತು. ನಾಲ್ಕನೇ ದಿನ ಅವನು ಗುಂಡಿ ಒತ್ತುವ ಮುಂಚೆ ಪೆಟ್ಟಿಗೆಯನ್ನು ದುರುಗುಟ್ಟಿ ನೋಡಿ, ನಿನಗೆ ನಾನೇನು ಮಾಡಿದ್ದೆ ಎಂದು ಕೇಳಿದ. ಪ್ಯಾಕಿಂಗಿನ ಒಬ್ಬನಿಗೆ ಎರಡು ತಿಂಗಳು ಕೆಂಪೇ ಬರಲಿಲ್ಲ. ಅವನು ಮ್ಯಾನೇಜರ ಗೂಢಚಾರನಿರಬೇಕೆಂದು ಊಟಕ್ಕೆ ಅವನ ಪಕ್ಕ ಕೂರುವುದನ್ನು ಬಿಟ್ಟೆವು. ಪೆಟ್ಟಿಗೆಗೆ ಪಕ್ಷಪಾತವಿದೆ ಎಂದು ನಲವತ್ತು ಸಹಿ ಹಾಕಿದ ಅರ್ಜಿ ಕೊಟ್ಟೆವು. ಒಂದು ಸಹಿ ನನ್ನದು.

ಅರ್ಜಿಗೆ ಉತ್ತರ ಬರುವ ಮುಂಚೆಯೇ ಪೆಟ್ಟಿಗೆ ಸುಟ್ಟ ವಾಸನೆ ಬಿಟ್ಟು ತಣ್ಣಗಾಯಿತು. ಇದು ಬೆಳಿಗ್ಗೆ ಹೊತ್ತಿನಲ್ಲಿ, ಜಡ್ಜಣ್ಣನ ಎದುರಿನಲ್ಲಿ ಮಾತ್ರ ನಡೆದದ್ದು. ಮ್ಯಾನೇಜರಿಗೆ ಹೇಳಿದರೆ, ರಿಪೇರಿಗೆ ಬರೆಯೋಣ, ಅಲ್ಲಿಯವರೆಗೆ ಹೇಗಾದರೂ ನಡೆಸಿ ಎಂದರು. ಹೇಗೆ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂಬ ಹೆದರಿಕೆ ದೊಡ್ಡ ಕುರ್ಚಿಯವರಿಗೆ ಇದ್ದದ್ದೇ. ಕಾರ್ಖಾನೆಯ ಕರೆಂಟಿನವನು ಒಂದು ಕರೆಗಂಟೆಯ ಸ್ವಿಚ್ಚನ್ನು ಮೇಜಿನ ಅಡಿಗೆ ಬಿಗಿದು, ತಂತಿ ಎಳೆದುಕೊಟ್ಟ. ಮೊಣಕಾಲು ಎತ್ತಿದರೆ ಕೆಂಪು, ಸುಮ್ಮನಿದ್ದರೆ ಹಸಿರು. ಎರಡು ವಾರದಲ್ಲಿ ಅವನು ಬೇರೆ ಕಡೆ ಕೆಲಸ ಸಿಕ್ಕಿ ಹೋದ. ರಿಪೇರಿಯ ಕಾಗದ ಎಲ್ಲಿಗೂ ಹೋಗಲಿಲ್ಲ.

ಜಡ್ಜಣ್ಣ ಮೊದಲ ದಿನ ಬೆವತರು. ಮುನ್ನೂರು ಜನರ ಮುಂದೆ ಮುಖದಲ್ಲಿ ಏನೂ ತೋರಿಸದೆ, ಇಪ್ಪತ್ತೈದು ಸಲ ಕಾಲೆತ್ತುವುದು ಸಾಮಾನ್ಯ ವಿದ್ಯೆಯಲ್ಲ. ಎರಡನೇ ವಾರಕ್ಕೆ ಹಿಡಿತ ಸಿಕ್ಕಿತು. ಮೂರನೆಯದಕ್ಕೆ ಹೆಮ್ಮೆ ಬಂತು. ಪೆಟ್ಟಿಗೆ ಮಾಡುತ್ತಿದ್ದ ಅನ್ಯಾಯಗಳೆಲ್ಲ ಅವರಿಗೆ ಗೊತ್ತಿತ್ತಲ್ಲ, ಅದೃಷ್ಟ ಹೇಗಿರಬೇಕೋ ಹಾಗೆ ತಾವು ನಡೆಸಿ ತೋರಿಸಲು ಹೊರಟರು. ಒಮ್ಮೆ ಕೆಂಪು ಬಂದವನಿಗೆ ಎಂಟು ದಿನ ಮತ್ತೆ ಬರಬಾರದು. ಯಾವ ವಿಭಾಗಕ್ಕೂ ಹೆಚ್ಚು ಕಡಿಮೆ ಆಗಬಾರದು. ಹನ್ನೆರಡು ಹದಿಮೂರು ದಿನದೊಳಗೆ ಎಲ್ಲರದೂ ಒಂದು ಸುತ್ತು ಮುಗಿಯಬೇಕು. ಇಷ್ಟನ್ನು ತಲೆಯಲ್ಲಿ ಇಟ್ಟುಕೊಳ್ಳಲಾಗದೆ ಕಿಸೆಯಲ್ಲಿ ಒಂದು ಪುಟ್ಟ ಡೈರಿ ಇಟ್ಟರು. ಮನೆಯಲ್ಲಿ ಚಹಾ ಕುಡಿಯುತ್ತಾ ನಾಳೆಯ ಇಪ್ಪತ್ತೈದು ಜನಕ್ಕೆ ಗುರುತು ಹಾಕುವರು. ಹೀಗೆ ನಮ್ಮ ಕಾರ್ಖಾನೆಯಲ್ಲಿ ಅದೃಷ್ಟಕ್ಕೂ ಒಂದು ಡೈರಿ ಆಯಿತು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಅವರದು ಭಾವಮೈದುನನ ವಿಷಯದಲ್ಲಿ. ಹೆಂಡತಿಯ ತಮ್ಮ, ಮೂರು ವರ್ಷದ ಹಿಂದೆ ಇವರ ಮಾತಿನ ಮೇಲೆಯೇ ಲೇತ್ ವಿಭಾಗಕ್ಕೆ ಸೇರಿದವನು. ಮಾತಿನ ಮಲ್ಲ, ಸಾಲಿನಲ್ಲಿ ನಿಂತರೆ ಅಕ್ಕಪಕ್ಕದ ಹತ್ತು ಜನ ನಗುತ್ತಿರಬೇಕು. ಇವರನ್ನು ಎಲ್ಲರೆದುರು ಭಾವ ಎಂದು ಗಟ್ಟಿಯಾಗಿ ಕೂಗುವನು. ತಮ್ಮವನೆಂದು ಬಿಟ್ಟರು ಎನ್ನುವ ಮಾತು ಬರಬಾರದೆಂದು ಜಡ್ಜಣ್ಣ ಅವನ ಸರದಿಯನ್ನು ಒಂದು ದಿನವೂ ಹಿಂದೆ ಮುಂದೆ ಮಾಡಲಿಲ್ಲ.

ನಮಗಂತೂ ಸಂತೋಷವೋ ಸಂತೋಷ. ಅರ್ಜಿ ಕೊಟ್ಟ ಮೇಲೆ ಪೆಟ್ಟಿಗೆಗೆ ಬುದ್ಧಿ ಬಂತು ಎಂದುಕೊಂಡೆವು. ಕೆಂಪು ಬಂದವನನ್ನು ಅಭಿನಂದಿಸುವ ಪದ್ಧತಿಯೂ ಶುರುವಾಯಿತು.

"ನಿಂದು ಆಯ್ತಾ? ಪುಣ್ಯವಂತ ಕಣಯ್ಯ. ಇನ್ನು ಎಂಟು ದಿನ ಆರಾಮ."

ಈ ಮಾತು ಜಡ್ಜಣ್ಣನ ಕಿವಿಗೂ ಬೀಳುತ್ತಿತ್ತು. ಅದರಲ್ಲಿ ಗಾಬರಿಯಾಗುವಂಥದ್ದೇನೂ ಅವರಿಗೆ ಕಾಣಿಸಲಿಲ್ಲ. ಹೊಗಳಿಕೆ ಕೇಳಿಸಿತು, ಅಷ್ಟೆ.

ಏಳನೇ ತಿಂಗಳ ಕೊನೆಗೆ ಉಗ್ರಾಣದಲ್ಲಿ ಎಣಿಕೆ ನಡೆಯಿತು. ನಲ್ಲಿಯ ಹಿಡಿಯ ಕೆಳಗೆ ಹೆಬ್ಬೆರಳುದ್ದದ ಒಂದು ಹಿತ್ತಾಳೆ ಕಡ್ಡಿ ಇರುತ್ತದೆ, ಸ್ಪಿಂಡಲ್ ಎನ್ನುತ್ತಾರೆ. ಅಂಥವು ಎಂಟುನೂರಕ್ಕೂ ಮೇಲೆ ಕಾಣೆಯಾಗಿದ್ದವು. ಒಂದು ಬುಧವಾರ ಮ್ಯಾನೇಜರು ಜಡ್ಜಣ್ಣನನ್ನು ಕರೆಸಿ, ಕೆಂಪು ಬಂದವರ ಹೆಸರು ಬರೆಯುವ ರಿಜಿಸ್ಟರನ್ನೂ ಜೊತೆಗೆ ತರಲು ಹೇಳಿ, ಫೋನನ್ನು ಕೈಗೆ ಕೊಟ್ಟರು. ಆ ಕಡೆ ಹೆಡ್ಡಾಫೀಸಿನ ತಪಾಸಣಾಧಿಕಾರಿ, ಒಬ್ಬ ಹೆಂಗಸು. ದನಿ ನಿಧಾನ. ಏನು ಸಿಕ್ಕಿತು, ಯಾರ ಮೇಲೆ ಅನುಮಾನ, ಯಾವುದನ್ನೂ ಅವರು ಕೇಳಲಿಲ್ಲ. ಒಂದೇ ಮನುಷ್ಯನಿಗೆ ಸಾಲಾಗಿ ಎರಡು ದಿನ ಕೆಂಪು ಬಂದದ್ದು ಎಷ್ಟು ಸಲ, ನೋಡಿ ಹೇಳಿ ಎಂದರು.

ಜಡ್ಜಣ್ಣ ನೋಡುವ ಅಗತ್ಯವೇ ಇರಲಿಲ್ಲ. ಮನೆ ಚೊಕ್ಕಟವಾಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು.

"ಒಂದು ಸಲಾನೂ ಇಲ್ಲ ಮೇಡಂ."

"ಏಳು ತಿಂಗಳಲ್ಲಿ?"

"ಏಳು ತಿಂಗಳಲ್ಲಿ. ಗ್ಯಾರಂಟಿ."

ಆ ಕಡೆ ಅವರು ಪೆನ್ನಿನಿಂದ ಏನೋ ಲೆಕ್ಕ ಹಾಕಿದರು.

"ದಿನಕ್ಕೆ ಇಪ್ಪತ್ತೈದು ಜನಕ್ಕೆ ಕೆಂಪು ಬರತ್ತೆ ಅಂದ್ರೆ, ಅದರಲ್ಲಿ ಇಬ್ಬರಿಗಾದ್ರೂ ಮಾರನೇ ದಿನ ಮತ್ತೆ ಬರ್ಬೇಕು. ಒಂದಿನ ಬರದೇ ಇರಬಹುದು, ಹತ್ತು ದಿನ ಬರದೇ ಇರಲ್ಲ. ಪೆಟ್ಟಿಗೆಗೆ ನಿನ್ನೆ ಯಾರು ಬಂದ್ರು ಅಂತ ನೆನಪಿರಲ್ಲ ನೋಡಿ. ನಿಮ್ಮ ಪೆಟ್ಟಿಗೆಗೆ ನೆನಪಿದೆ. ಸೋಮವಾರ ಬಂದು ಅದನ್ನ ಬಿಚ್ಚಿ ನೋಡ್ತೀನಿ."

ಮ್ಯಾನೇಜರ ಕೋಣೆಯಿಂದ ಗೇಟಿಗೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯಲ್ಲಿ ಜಡ್ಜಣ್ಣನಿಗೆ ವಿಷಯ ಪೂರ್ತಿ ತಲೆಗೆ ಹತ್ತಿತು. ನಾಳೆ ಯಾರನ್ನು ತಡಕುವುದಿಲ್ಲ ಎಂದು ಗೊತ್ತಿದ್ದರೆ ಕದಿಯುವವನಿಗೆ ಬೇರೇನು ಬೇಕು? ಅದನ್ನು ಗೊತ್ತುಮಾಡುತ್ತಿದ್ದವನು ಯಾರು? ಪೆಟ್ಟಿಗೆ ಬಿಚ್ಚುತ್ತಾರೆ, ತಂತಿ ಹಿಡಿದು ಮೇಜಿನಡಿಗೆ ಬರುತ್ತಾರೆ, ಅಲ್ಲಿಂದ ಮೊಣಕಾಲಿಗೆ. ಇಪ್ಪತ್ತೆರಡು ವರ್ಷ ಒಂದು ಮೊಳೆ ಮನೆಗೆ ಒಯ್ಯದವನು ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕಳ್ಳರ ಪಾಲುದಾರ.

ಆಗಲೇ ಹೋಗಿ ನಿಜ ಹೇಳಿಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ತೀರ್ಪು ಕೊಟ್ಟು ಅಭ್ಯಾಸವಾದವರಿಗೆ ತಪ್ಪೊಪ್ಪಿಕೊಳ್ಳುವ ಅಭ್ಯಾಸ ತಪ್ಪಿಹೋಗಿರುತ್ತದೆ. ಜಡ್ಜಣ್ಣ ಬೇರೆ ದಾರಿ ಹಿಡಿದರು. ಸೋಮವಾರದೊಳಗೆ ಮೇಜಿನಡಿಯ ತಂತಿ ಕಿತ್ತು ಒಳಗೆ ಸುಟ್ಟ ಪೆಟ್ಟಿಗೆಯನ್ನು ಹಾಗೇ ಬಿಡುವುದು, ಮೊನ್ನೆಯಷ್ಟೇ ಕೆಟ್ಟಿತು ಎನ್ನುವುದು. ಅದಕ್ಕೆ ಮುಂಚೆ ಗುರುವಾರ, ಶುಕ್ರವಾರ, ಶನಿವಾರ ಮೂರು ದಿನ ಪೆಟ್ಟಿಗೆಯ ಹಾಗೆ ಕುರುಡಾಗಿ ಕಾಲೆತ್ತುವುದು. ಒಂದೆರಡು ಹೆಸರು ಸಾಲಾಗಿ ಎರಡು ದಿನ ರಿಜಿಸ್ಟರಿನಲ್ಲಿ ಬಿದ್ದರೆ, ನೋಡಿ ಮೇಡಂ, ಬಂದಿದೆಯಲ್ಲ ಎನ್ನಬಹುದು.

ಗುರುವಾರ ಸಂಜೆ ಸೈರನ್ ಆಯಿತು. ಬುಧವಾರ ಕೆಂಪು ಬಂದಿದ್ದ ಪಾಲಿಶಿನವನು ಮೊದಲಿಗೇ ಬಂದ. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಕಣ್ಣು ಗಡಿಯಾರದ ಮೇಲಿತ್ತು. ಜಡ್ಜಣ್ಣನ ಕಾಲು ಏಳಲಿಲ್ಲ. ಆಮೇಲೆ ಬಂದವನು ಜಗಳಗಂಟ, ಗೇಟೇ ಕಿತ್ತುಬರುವ ಹಾಗೆ ಕೂಗಾಡುತ್ತಾನೆ. ಏಳಲಿಲ್ಲ. ಇನ್ನೊಬ್ಬ ತೀರಾ ಸಾಧು, ಅವನಿಗೆ ಎರಡು ದಿನ ಮಾಡುವುದು ಪಾಪ. ಇನ್ನೊಬ್ಬನನ್ನು ಕಂಡರೆ ಇವರಿಗೇ ಆಗದು, ಅವನಿಗೆ ಮಾಡಿದರೆ ದ್ವೇಷವಾಗುತ್ತದೆ. ಬುಧವಾರದ ಇಪ್ಪತ್ತೈದು ಜನವೂ ಇಪ್ಪತ್ತೈದು ಕಾರಣಕ್ಕೆ ಹಸಿರು ದೀಪ ಹೊತ್ತಿಸಿಕೊಂಡು ಹೋದರು. ಪೆಟ್ಟಿಗೆಗೆ ಇದ್ದ ಒಂದೇ ಒಂದು ಯೋಗ್ಯತೆ ಯಾರ ಮುಖವನ್ನೂ ನೋಡದೆ ಇರುವುದು. ಅದೊಂದು ಜಡ್ಜಣ್ಣನಿಗೆ ಬರಲಿಲ್ಲ. ಡೈರಿಯ ಪ್ರಕಾರ ಸರದಿಯಲ್ಲಿದ್ದವರನ್ನೇ ಒಳಗೆ ಕಳಿಸಿ, ತಡಕಿ, ಬರೆದರು. ಅವರಲ್ಲಿ ಭಾವಮೈದುನನೂ ಒಬ್ಬ. ಡಬ್ಬಿ, ಜೇಬು ಎಲ್ಲ ಖಾಲಿ.

ಒಂದು ದಿನ ಕೈಬಿಟ್ಟು ಹೋಯಿತು. ಶುಕ್ರವಾರ ಬೆಳಿಗ್ಗೆ ಜಡ್ಜಣ್ಣ ಡೈರಿ ತೆರೆದು ಕೂತರು. ಇವತ್ತಾದರೂ ಯಾರನ್ನಾದರೂ ಎರಡನೇ ಸಲ ಹಿಡಿಯಲೇಬೇಕು. ಯಾರೂ ಬೇಸರ ಮಾಡಿಕೊಳ್ಳಬಾರದು. ಯೋಚಿಸಿ ಯೋಚಿಸಿ ಮಧ್ಯಾಹ್ನದ ಹೊತ್ತಿಗೆ ಉತ್ತರ ಹೊಳೆಯಿತು. ಬೇಸರ ಮಾಡಿಕೊಂಡರೂ ನುಂಗಿಕೊಳ್ಳಬೇಕಾದವನು ಒಬ್ಬನೇ. ಮನೆಯವನು.

ಐದು ಗಂಟೆ ಎಂಟು ನಿಮಿಷಕ್ಕೆ ಭಾವಮೈದುನ ಮೇಜಿನ ಹತ್ತಿರ ಬಂದ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಹಿಂದಿನವನ ಹೆಗಲ ಮೇಲೆ. ಏನೋ ಹಾಸ್ಯ ಅರ್ಧಕ್ಕೆ ನಿಂತಿತ್ತು, ಅದನ್ನು ಮುಗಿಸುವ ಆತುರದಲ್ಲಿ ಗುಂಡಿಯನ್ನು ನೋಡದೆಯೇ ಮೊಣಕೈಯಿಂದ ಒತ್ತಿದ. ಜಡ್ಜಣ್ಣ ಕಾಲೆತ್ತಿದರು.

ಕೆಂಪು.

ಅವನ ಹಿಂದೆ ನಾಲ್ಕನೆಯವನಾಗಿ ನಾನಿದ್ದೆ. ಏಳು ತಿಂಗಳಲ್ಲಿ ಹೀಗಾದದ್ದಿಲ್ಲ. ನಗುತ್ತಿದ್ದವರು ನಿಲ್ಲಿಸಿದರು. ಭಾವಮೈದುನ ದೀಪವನ್ನು ನೋಡಿದ. ಆಮೇಲೆ ದೀಪವನ್ನು ಬಿಟ್ಟು ಮೇಜಿನ ಹಿಂದೆ ಕೂತವರನ್ನು ನೋಡಿದ.

"ಭಾವ, ನಂದು ನಿನ್ನೆ ಆಯ್ತಲ್ಲ?"

ಪೆಟ್ಟಿಗೆಯನ್ನು ಕೇಳಬೇಕಾದ ಮಾತನ್ನು ಮನುಷ್ಯನನ್ನು ಕೇಳಿದ್ದ. ನಮಗೆ ಆಗ ಅದು ಅರ್ಥವಾಗಲಿಲ್ಲ. ಜಡ್ಜಣ್ಣನಿಗೆ ಆಯಿತು. ಜೊತೆಗೆ ಅವನ ಬೆರಳುಗಳು ಡಬ್ಬಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೂ ಕಂಡಿತು. ಕೋಣೆಯ ಕಡೆ ಕೈ ತೋರಿಸಿದರು.

ಆ ಕೋಣೆಯಲ್ಲಿ ಇದ್ದದ್ದು ಒಂದು ಮೇಜು, ಒಂದು ಕೊಕ್ಕೆ, ಚಿಲಕ ಹಿಡಿಯದ ಬಾಗಿಲು. ಆಮೇಲೆ ಅಲ್ಲಿ ಏನು ನಡೆಯಿತೆಂದು ಜಡ್ಜಣ್ಣ ನನಗೆ ಎರಡು ಸಲ ಹೇಳಿದ್ದಾರೆ; ಎರಡು ಸಲವೂ ಒಂದೇ ಥರ ಹೇಳಿದ್ದರಿಂದ ನಂಬುತ್ತೇನೆ. ಡಬ್ಬಿಯ ಮೇಲಿನ ಬಟ್ಟಲು ಖಾಲಿ. ಕೆಳಗಿನದರಲ್ಲಿ ಒದ್ದೆ ಬಟ್ಟೆ. ಬಟ್ಟೆ ಬಿಡಿಸಿದರೆ ಹದಿನಾಲ್ಕು ಸ್ಪಿಂಡಲು, ಸದ್ದಾಗದ ಹಾಗೆ ಒತ್ತೊತ್ತಾಗಿ ಜೋಡಿಸಿದ್ದವು.

ಜಡ್ಜಣ್ಣ ಮೊದಲು ಕೇಳಿದ ಪ್ರಶ್ನೆ ಯಾಕೆ ಕದ್ದೆ ಎಂದಲ್ಲ. ಎಷ್ಟು ದಿನದಿಂದ ಎಂದೂ ಅಲ್ಲ.

"ಎರಡು ದಿನ ಸಾಲಾಗಿ ಬರಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಎಲ್ಲರಿಗೂ ಗೊತ್ತಲ್ಲ ಭಾವ. ನಿಮ್ಮ ಕಾಲಿನ ವಿಷಯ ಮಾತ್ರ ನನಗೊಬ್ಬನಿಗೇ ಗೊತ್ತು. ಅಕ್ಕ ಕಳಿಸಿದ ಊಟ ಕೊಡೋಕೆ ಬಂದಾಗ ಮೇಜಿನಡಿ ತಂತಿ ನೋಡಿದ್ದೆ."

ಹೊರಗೆ ಸಾಲು ನಿಂತಲ್ಲೇ ನಿಂತಿತ್ತು. ಕಾರ್ಖಾನೆಯ ಬಸ್ಸು ಐದು ಇಪ್ಪತ್ತಕ್ಕೆ ಬಿಡುತ್ತದೆ. ಯಾರೋ ಬಾಗಿಲು ತಟ್ಟಿದರು. ಬಾಗಿಲು ಅರ್ಧ ತೆರೆದುಕೊಂಡಿತು. ಜಡ್ಜಣ್ಣ ಬೆನ್ನು ಕೊಟ್ಟು ಮುಚ್ಚಿದರು. ಆ ಬಾಗಿಲಿಗೆ ಒರಗಿ ನಿಂತೇ ಉಳಿದ ಮಾತು ಕೇಳಬೇಕಾಯಿತು. ಭಾವಮೈದುನ ದನಿ ತಗ್ಗಿಸಿ, ಆದರೆ ತಡವರಿಸದೆ ಹೇಳಿದ. ಹದಿನಾಲ್ಕನ್ನೂ ಇಲ್ಲೇ ಬಿಟ್ಟುಹೋಗುತ್ತೇನೆ, ಯಂತ್ರದ ಹತ್ತಿರ ಬಿದ್ದಿತ್ತು ಎಂದು ನೀವೇ ಉಗ್ರಾಣಕ್ಕೆ ಕೊಟ್ಟುಬಿಡಿ. ನನ್ನ ಹೆಸರು ಬರೆದರೆ ಅವರು ಮೊದಲು ಕೇಳುವುದು, ಏಳು ತಿಂಗಳು ಇವನನ್ನು ಹೊರಗೆ ಬಿಟ್ಟವರು ಯಾರು ಎಂದು. ಆಗ ತಂತಿಯ ಮಾತು ಬರುತ್ತದೆ. ಬರದಿದ್ದರೆ ನಾನೇ ತರಬೇಕಾಗುತ್ತದೆ.

"ನಾನು ಕದ್ದೆ, ಇಲ್ಲ ಅನ್ನಲ್ಲ. ಬಾಗಿಲು ತೆಗೆದಿಟ್ಟವರು ನೀವು. ಜೈಲಿಗೆ ಹೋದ್ರೆ ಇಬ್ಬರೂ ಹೋಗ್ತೀವಿ. ಅಕ್ಕನಿಗೆ ಯಾರು ಏನು ಹೇಳೋದು?"

ಮತ್ತೆ ಬಾಗಿಲು ತಟ್ಟಿದ ಸದ್ದು. ಬಸ್ಸು ಹೋಗತ್ತೆ ಜಡ್ಜಣ್ಣ, ಎಂದು ಯಾರೋ ಕೂಗಿದರು. ನಾನೇ ಇರಬೇಕು.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹದಿನಾಲ್ಕು ಕಡ್ಡಿ ಮೇಜಿನ ಖಾನೆಗೆ ಹೋದರೆ, ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ 'ಏನೂ ಇಲ್ಲ' ಎಂದು ಬಿದ್ದರೆ, ಸೋಮವಾರಕ್ಕೆ ಬೇಕಾಗಿದ್ದ ಸಾಲು ಕೆಂಪೂ ಸಿಕ್ಕ ಹಾಗಾಯಿತು, ಮರ್ಯಾದೆಯೂ ಉಳಿಯಿತು. ಜಡ್ಜಣ್ಣ ಪೆನ್ನಿನ ಮುಚ್ಚಳ ತೆಗೆದು 'ಏ' ಎಂದು ಬರೆದದ್ದೂ ನಿಜ; ಆ ಅಕ್ಷರ ರಿಜಿಸ್ಟರಿನಲ್ಲಿ ಈಗಲೂ ಇದೆ. ಅಲ್ಲಿಗೆ ಕೈ ನಿಂತಿತು. ಮುನ್ನೂರು ಜನರನ್ನು ಏಳು ತಿಂಗಳು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ನೋಡಿಕೊಂಡವರು, ಬಿಡುವುದಕ್ಕೆ ಆರಿಸಿಕೊಂಡ ಮೊದಲನೆಯವನು ಹೆಂಡತಿಯ ತಮ್ಮ ಎಂದಾದರೆ, ಜಡ್ಜಣ್ಣನೆಂಬ ಹೆಸರು ಎಲ್ಲಿ ಉಳಿಯಿತು? ನಿಜ ಬರೆದರೆ ಕೆಲಸ ಹೋಗುತ್ತದೆಂಬುದು ಗೊತ್ತಿತ್ತು. ಆದರೆ ಬರೆಯದಿದ್ದರೆ ಜಡ್ಜಣ್ಣ ಎಂದು ಯಾರಾದರೂ ಕರೆದಾಗ ತಿರುಗಿ ನೋಡಲಾಗುವುದಿಲ್ಲವಲ್ಲ ಎಂಬುದು ಅದಕ್ಕಿಂತ ದೊಡ್ಡದಾಗಿ ಕಂಡಿತು. ಜಂಬವೂ ಕೆಲವೊಮ್ಮೆ ಮನುಷ್ಯನಿಂದ ಒಳ್ಳೆಯ ಕೆಲಸ ಮಾಡಿಸುತ್ತದೆ.

'ಏ' ಹೊಡೆದು ಹಾಕಿ ಬರೆದರು: ಸ್ಪಿಂಡಲು ಹದಿನಾಲ್ಕು. ಅದರ ಕೆಳಗೆ: ಪೆಟ್ಟಿಗೆ ಏಳು ತಿಂಗಳಿಂದ ಕೆಟ್ಟಿದೆ, ದೀಪ ಹಾಕಿದವನು ನಾನು. ಸಹಿ ಹಾಕಿದರು. ಬಾಗಿಲಿನಿಂದ ಬೆನ್ನು ತೆಗೆದರು. ಅದು ತಾನಾಗಿ ತೆರೆದುಕೊಂಡಿತು. ನಮಗೆಲ್ಲ ಗುಂಡಿ ಒತ್ತದೆ ಮನೆಗೆ ಹೋಗಿ ಎಂದರು. ಆ ಸಂಜೆ ಎಷ್ಟು ಹಿತ್ತಾಳೆ ಹೊರಗೆ ಹೋಯಿತೋ, ಲೆಕ್ಕವಿಲ್ಲ.

ಸೋಮವಾರ ತಪಾಸಣೆಯ ಮೇಡಂ ಬಂದರು. ಮ್ಯಾನೇಜರು ತಾವು 'ಹೇಗಾದರೂ ನಡೆಸಿ' ಎಂದದ್ದು ನೆನಪಿಲ್ಲವೆಂದು ಮೂರು ಸಲ, ಯಾರೂ ಕೇಳದಿದ್ದಾಗಲೂ, ಹೇಳಿದರು. ಮೇಡಂ ಪೆಟ್ಟಿಗೆ ಬಿಚ್ಚಲಿಲ್ಲ. ರಿಜಿಸ್ಟರನ್ನೂ ಪುಟ್ಟ ಡೈರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ಒಂದೊಂದೇ ಹೆಸರಿನ ಮುಂದೆ ಗೆರೆ ಎಳೆಯುತ್ತಾ ಒಂದೂವರೆ ಗಂಟೆ ಎಣಿಸಿದರು. ಜಡ್ಜಣ್ಣ ಎದುರಿನ ಸ್ಟೂಲಿನ ಮೇಲೆ ಕೂತಿದ್ದರು. ಶನಿವಾರ ಪೊಲೀಸರು ಹಿಡಿದುಕೊಂಡು ಹೋಗುವ ಮುಂಚೆ ಭಾವಮೈದುನ ಹೇಳಿಕೆ ಬರೆದುಕೊಟ್ಟಿದ್ದ: ಭಾವನಿಗೂ ಪಾಲಿತ್ತು ಎಂದು. ಆ ಹಾಳೆಯೂ ಮೇಜಿನ ಮೇಲೆ, ಮೇಡಂ ಅವರ ಮೊಣಕೈ ಕೆಳಗೆ ಇತ್ತು. ಪ್ರತಿ ಗೆರೆಯನ್ನೂ ಜಡ್ಜಣ್ಣ ಕಣ್ಣಿಟ್ಟು ನೋಡುತ್ತಿದ್ದರು. ಯಾವ ಗೆರೆ ತಮ್ಮ ಕಡೆ, ಯಾವುದು ಎದುರು ಎಂಬುದೇ ಗೊತ್ತಾಗುತ್ತಿರಲಿಲ್ಲ.

ಎಣಿಸಿ ಮುಗಿದ ಮೇಲೆ ಮೇಡಂ ಕನ್ನಡಕ ತೆಗೆದರು.

"ಮುನ್ನೂರು ಜನಕ್ಕೂ ಹದಿನೈದು ಸಲ, ಇಲ್ಲಾಂದ್ರೆ ಹದಿನಾರು ಸಲ ಕೆಂಪು. ಹದಿನಾಲ್ಕು ಒಬ್ಬರಿಗೂ ಇಲ್ಲ, ಹದಿನೇಳು ಒಬ್ಬರಿಗೇ. ಯಾರಿಗೆ ಗೊತ್ತಾ?"

ಜಡ್ಜಣ್ಣ ಹೌದೆಂದು ತಲೆಯಾಡಿಸಿದರು. ಶುಕ್ರವಾರದ್ದೂ ಸೇರಿದರೆ ಹದಿನೇಳು, ಭಾವಮೈದುನನಿಗೆ.

ಪಾಲು ತಗೊಳ್ಳೋರು ಪಾಲುದಾರನನ್ನು ಎಲ್ಲರಿಗಿಂತ ಹೆಚ್ಚು ಸಲ ತಡಕಲ್ಲ ಎಂದು ಮೇಡಂ ಹೇಳಿದರು. ಹೇಳಿಕೆಯ ಹಾಳೆಯನ್ನು ಮೊಣಕೈ ಕೆಳಗಿನಿಂದ ತೆಗೆದು ಮಡಿಸಿದರು. ನೀವು ಕಳ್ಳರ ಕಡೆಯವರಲ್ಲ. ಆದರೆ ನಿಮ್ಮ ಸರದಿ ತಪ್ಪುವುದಿಲ್ಲವೆಂದು ಕಳ್ಳನೂ ನಂಬಿಕೊಂಡು ಬದುಕಿದ್ದಾನೆ, ಹಾಗಾಗಿ ಗೇಟಿನಲ್ಲಿ ಇಡಲಾಗುವುದಿಲ್ಲ ಎಂದರು. ವರದಿಯಲ್ಲಿ ಎರಡು ಸಾಲು: ಕಳ್ಳತನದಲ್ಲಿ ಪಾಲಿಲ್ಲ; ಉಗ್ರಾಣದ ಒಳಗಿನ ಕೆಲಸಕ್ಕೆ ಹಾಕತಕ್ಕದ್ದು. ಜಡ್ಜಣ್ಣ ಅದರ ಒಂದು ಪ್ರತಿ ಕೇಳಿ ತೆಗೆದುಕೊಂಡರು. ಮನೆಯಲ್ಲಿ ಹೆಂಡತಿ ಶುಕ್ರವಾರದಿಂದ ಅವರೊಡನೆ ಮಾತಾಡಿರಲಿಲ್ಲ. ತಟ್ಟೆ ಇಡುತ್ತಿದ್ದರು, ಎದ್ದು ಹೋಗುತ್ತಿದ್ದರು.

ಜಡ್ಜಣ್ಣ ಆ ಪ್ರತಿಯನ್ನು ಹೆಂಡತಿಯ ಮುಂದೆ ಇಟ್ಟರು. ಎಲ್ಲರಿಗೂ ಸಮವಾಗಿಯೇ ಹಂಚಿದ್ದೆ, ಹೆಡ್ಡಾಫೀಸಿನವರೇ ಎಣಿಸಿ ಬರೆದಿದ್ದಾರೆ ಎಂದು ವಿವರಿಸಿದರು. ಹಳೆಯ ಅಭ್ಯಾಸದಂತೆ ಎರಡು ಸಲ ಕೆಮ್ಮಿದರು ಕೂಡ. ಹೆಂಡತಿ ಕಾಗದವನ್ನು ಕೊನೆಯವರೆಗೆ ಓದಿದರು. ಆಮೇಲೆ, ನಾಲ್ಕು ದಿನದಲ್ಲಿ ಮೊದಲ ಸಲ, ಮಾತಾಡಿದರು.

"ಆವತ್ತು ಇಪ್ಪತ್ತೈದು ಜನ ಇದ್ರಲ್ಲ, ಹಿಂದಿನ ದಿನ ಕೆಂಪು ಬಂದೋರು. ಅವನನ್ನೇ ಯಾಕೆ ಆರಿಸಿದ್ರಿ?"

"ನಮ್ಮವನು ಅಂತ."

"ಬೇರೆಯವನಾಗಿದ್ರೆ ಬಿಡ್ತಿದ್ರಿ."

ಇದಕ್ಕೆ ಏನಾದರೂ ತೀರ್ಪು ಕೊಡಬಹುದೇನೋ ಎಂದು ಜಡ್ಜಣ್ಣ ಕಣ್ಣು ಮುಚ್ಚಿ ನೋಡಿದರಂತೆ. ಗುರುವಾರ ತಾವು ಬಿಟ್ಟುಬಿಟ್ಟ ಇಪ್ಪತ್ತೈದು ಮುಖಗಳೂ ಒಂದೊಂದಾಗಿ ಹಸಿರು ದೀಪದ ಮುಂದೆ ಹಾದುಹೋದವು.

"ಹೌದು, ಬಿಡ್ತಿದ್ದೆ," ಎಂದರು.

ಹೆಂಡತಿ ಕಾಗದ ಮಡಿಸಿ ವಾಪಸು ಕೊಟ್ಟರು. ಈ ಸಲ ತಟ್ಟೆ ಇಟ್ಟು ಎದ್ದು ಹೋಗಲಿಲ್ಲ. ಎದುರಿಗೆ ಕೂತು, ಅವನನ್ನು ನೋಡಲು ಯಾವ ದಿನ ಬಿಡುತ್ತಾರೆ ಎಂದು ಕೇಳಿದರು.